ಬೀಗದೊಳಗೆ ಬಾಡಿದ ಹೂಗಳು

ಹುಲಿಯ ಬಾಯಿಗೆ ಕೈ ಹಾಕಿ ಹಲ್ಲು ಎಣಿಸಿ ಬಂದವನು ನಾನು. ನೀವು ನಂಬುವುದಿಲ್ಲ, ಬೇಡ ಬಿಡಿ. ಆದರೆ ಅಂಥ ನನಗೂ ಆ ಬೆಳಿಗ್ಗೆ ಬೆನ್ನಿಗೆ ಮಂಜುಗಡ್ಡೆ ಇಟ್ಟ ಹಾಗಾಯಿತು ಎಂಬುದನ್ನು ಮಾತ್ರ ನಂಬಲೇಬೇಕು.

ನಮ್ಮ ಬೀದಿಯಲ್ಲಿ ಬೆಕ್ಕು ಕಳೆದರೂ ಕೊಲೆಯಾದರೂ ಜನ ಮೊದಲು ಬರುತ್ತಿದ್ದದ್ದು ನಮ್ಮ ಭಾವನ ಹತ್ತಿರ. ಪತ್ತೇದಾರಿಕೆಯಲ್ಲಿ ಅವರನ್ನು ಮೀರಿಸುವವರು ಭೂಮಂಡಲದಲ್ಲಿ ಇನ್ನೊಬ್ಬರೇ ಇದ್ದರು. ಅದು ಯಾರೆಂದು ನನ್ನ ಬಾಯಿಂದ ಹೇಳಿಕೊಳ್ಳಬಾರದು.

ಅಂದು ಬಾಗಿಲು ಬಡಿದವಳು, ನಮ್ಮ ಕಟ್ಟಡದ ಕೆಳಗೆ ಹೊಸದಾಗಿ ಹೂವಿನಂಗಡಿ ಇಟ್ಟಿದ್ದ ಪರದೇಶದ ಹೆಂಗಸು. ನಾವು ಬೀದಿಯವರು ಅವಳನ್ನು ಹೂವಮ್ಮ ಎನ್ನುತ್ತಿದ್ದೆವು. ಕೈಯಲ್ಲೊಂದು ಬಕೆಟ್ಟು. ಅದರ ತುಂಬ ಕಾರ್ನೇಷನ್ ಹೂಗಳು, ಎಸಳುಗಳನ್ನು ಒಳಕ್ಕೆ ಮುದುಡಿಕೊಂಡು, ಉಸಿರು ಕಟ್ಟಿ ಸತ್ತವರ ಮುಖದ ಹಾಗಿದ್ದವು.

"ಅಣ್ಣಾ, ರಾತ್ರಿ ಯಾರೋ ಒಳಗೆ ಬರ್ತಾರೆ," ಎಂದಳು. "ಬೀಗ ಹಾಕಿದ ಹಾಗೇ ಇರುತ್ತೆ, ಕಿಟಕಿ ಚಿಲಕ ಹಾಗೇ ಇರುತ್ತೆ. ಹೂವು ಮಾತ್ರ ಸತ್ತಿರುತ್ತೆ. ಹಿಂದಿನ ಕೋಣೇಲಿ ನಾನೂ ನಮ್ಮತ್ತೇನೂ ಮಲಗಿರ್ತೀವಿ. ನಿನ್ನೆಯಿಂದ ಅತ್ತೆಗೆ ಕೆಮ್ಮು. ಇವತ್ತು ಹೂವು, ನಾಳೆ ನಾವು..."

"ಕೂತ್ಕೊಳ್ಳಿ ತಾಯಿ," ಎಂದರು ಭಾವ.

"ಕೂರಲ್ಲ. ನಾಳೆ ಸಂಜೆ ಮಾಲೀಕರಿಗೆ ಬೀಗದಕೈ ಕೊಟ್ಟುಬಿಡ್ತೀನಿ. ಅಂಗಡಿ ಮುಚ್ಚಿದ್ರೆ ಈ ದೇಶದಲ್ಲಿ ಇರೋಕೆ ಬಿಡಲ್ಲ. ಅಲ್ಲಿ ಇದ್ದದ್ದನ್ನೆಲ್ಲ ಮಾರಿ ಬಂದಿದೀನಿ, ವಾಪಸ್ ಹೋಗೋಕೂ ಮನೆಯಿಲ್ಲ. ಆದ್ರೂ ಜೀವ ಮುಖ್ಯ ಅಲ್ವಾ?"

"ಒಂದಿನವಾದರೂ ಹೂವು ಉಳಿದಿತ್ತಾ?"

"ವಾರದ ರಜೆಯ ಮಾರನೇ ಬೆಳಿಗ್ಗೆ ಉಳಿದಿತ್ತು. ರಜೆಯ ದಿನ ಬೀದೀಲಿ ನನ್ನದೊಂದೇ ಅಂಗಡಿ ತೆಗೆದಿತ್ತು."

"ನಿಮ್ಮ ಊರಲ್ಲೂ ಇದೇ ಕಸುಬಾ?"

"ಹೌದು, ಆದ್ರೆ ಅಲ್ಲಿ ಬಯಲಲ್ಲಿ ಬುಟ್ಟಿ ಇಟ್ಕೊಂಡು ಕೂರ್ತಿದ್ದೆ. ಸಂಜೆಗೆ ಮಿಕ್ಕಿದ್ದು ಹಂಚಿಬಿಡ್ತಿದ್ದೆ. ಹೂವನ್ನ ಕೋಣೇಲಿ ಕೂಡಿಹಾಕಿ ಮರುದಿನಕ್ಕೆ ಇಟ್ಟದ್ದು ಇಲ್ಲಿನ ಚಳಿಗೆ ಬಂದ ಮೇಲೇನೇ."

ಅನುಮಾನ ಯಾರ ಮೇಲೆ ಎಂದು ನಾನು ಗದರಿ ಕೇಳಿದೆ. ಅವಳು ದನಿ ತಗ್ಗಿಸಿದಳು. "ಎದುರಿನ ದೊಡ್ಡ ಹೂವಿನಂಗಡಿ ಯಜಮಾನರು. ಒಂದು ಮಾತಿಲ್ಲ, ಬರೀ ಗುರಾಯಿಸ್ತಾರೆ. ಕತ್ತಲಾದ್ಮೇಲೆ ನನ್ನ ಬಾಗಿಲ ಹತ್ರ ಸುಳಿದಾಡ್ತಾರೆ, ನಾನೇ ನೋಡಿದೀನಿ. ಮೊದಲಿದ್ದ ಬಾಡಿಗೆಯವನು ಅವರಿಗೆ ಹೆದರಿ ಓಡಿಹೋದನಂತೆ. ಪಕ್ಕದ ಹಣ್ಣಿನಂಗಡಿ ಅಕ್ಕ ಹೇಳಿದ್ರು. ಈ ಬೀದೀಲಿ ನನಗೆ ಇರೋದು ಅವರೊಬ್ಬರೇ."

ಕೆಳಗಿಳಿದು ಅಂಗಡಿ ಹೊಕ್ಕೆವು. ಗಾಳಿಯಾಡದ ಕೋಣೆ. ಗಾಜಿನ ಮೇಲೆಲ್ಲ ಹನಿ ಹನಿ ಬೆವರು. ಸಾಲಾಗಿಟ್ಟ ಬಕೆಟ್ಟುಗಳಲ್ಲಿ ಹೂಗಳು ಕತ್ತು ಚೆಲ್ಲಿ ನಮ್ಮನ್ನೇ ನೋಡುತ್ತಿದ್ದವು. ಪರದೆಯಾಚೆ ಮುದುಕಿ ಕೆಮ್ಮಿದಳು. ನಾನು ಛಾವಣಿಗೆ ತಲೆ ತಾಗುವಷ್ಟು ಎತ್ತರ ಹಾರಿದೆ, ಶತ್ರುವಿನ ಮೇಲೆ ಎರಗಲು. ಭಾವ ಮಾತ್ರ ಅದನ್ನು ಬೆಚ್ಚಿಬಿದ್ದದ್ದು ಎಂದು ತಪ್ಪಾಗಿ ತಿಳಿದರು.

ಅವರು ಬೀಗ ನೋಡಿದರು, ಬಕೆಟ್ಟಿನ ನೀರು ಮೂಸಿದರು. ಜಾಗ ಸಾಲದೆ ಹಿತ್ತಲಲ್ಲಿಟ್ಟ ಒಂದು ಬಕೆಟ್ಟಿನ ಹೂವು ಅರಳಿಕೊಂಡೇ ಇತ್ತು. ಅದರ ಮುಂದೆ ಬಹಳ ಹೊತ್ತು ನಿಂತರು. ನಾನು ಅಷ್ಟರಲ್ಲಿ ಗಲ್ಲಾದ ಮೇಲಿನ ಬುಟ್ಟಿಯಿಂದ ಒಂದು ಬಾಳೆಹಣ್ಣು ಎತ್ತಿದ್ದೆ. ಕಪ್ಪು ಚುಕ್ಕೆ ಬಿದ್ದು ಜೇನಿನ ಹಾಗೆ ಮಾಗಿತ್ತು.

"ತಿನ್ನಿ ಅಣ್ಣಾ," ಎಂದಳು ಹೂವಮ್ಮ. "ಅಕ್ಕ ದಿನಾ ಸಂಜೆ ಅಂಗಡಿ ಮುಚ್ಚೋವಾಗ ಕೊಡ್ತಾರೆ. ಅತ್ತೆಗೆ ಸಕ್ಕರೆ ಕಾಯಿಲೆ, ತಿನ್ನಂಗಿಲ್ಲ. ಒಳಗೆ ಬಚ್ಚಿಟ್ಟರೆ ಅಕ್ಕನಿಗೆ ಬೇಜಾರಾಗುತ್ತೆ ಅಂತ ಎದುರಿಗೇ ಇಟ್ಟಿರ್ತೀನಿ. ಬೆಳಿಗ್ಗೆ ಹಾಲಿನ ವ್ಯಾನಿನವರಿಗೆ ಕೊಟ್ಟುಬಿಡ್ತೀನಿ. ಇವತ್ತು ಹೆದರಿಕೇಲಿ ಮರೆತೆ. ನಾನೂ ಅಕ್ಕನಿಗೆ ಆಗಾಗ ಒಂದು ಕಟ್ಟು ಹೂವು ಕೊಡ್ತೀನಿ."

ಭಾವ ನನ್ನ ಕೈಯಿಂದ ಹಣ್ಣು ಕಿತ್ತುಕೊಂಡರು! "ಹೋಗಪ್ಪಾ ಭಾಮೈದ, ಹಣ್ಣಿನಂಗಡೀಲಿ ನಾಲ್ಕು ಸೇಬು ತಗೊಂಡು ಬಾ. ಈ ಹಣ್ಣನ್ನ ಅಲ್ಲಿರೋ ಕಾಯಿ ರಾಶಿ ಮೇಲೆ ಸುಮ್ಮನೆ ಇಡು. ಏನಂತಾರೋ ಕೇಳಿಸ್ಕೊ."

ಇಟ್ಟೆ. ಹಣ್ಣಿನಂಗಡಿ ಅಕ್ಕ ಹಾವು ಕಂಡವಳಂತೆ ಹಾರಿ ಬಂದು ಅದನ್ನು ಎತ್ತಿದಳು. "ಅಯ್ಯೋ ಪುಣ್ಯಾತ್ಮ, ಅಲ್ಲಿಡಬೇಡಿ! ಹಣ್ಣಿನ ಉಸಿರು ತಾಗಿದ್ರೆ ಕಾಯೆಲ್ಲ ಮಾಗಿಹೋಗುತ್ತೆ."

ಬಾಗಿಲಾಚೆ ಮೆಟ್ಟಿಲ ಮೇಲೆ ಹೂವಮ್ಮ ಕೊಟ್ಟ ಕಾರ್ನೇಷನ್ ಕಟ್ಟು ಒಂದು ಡಬ್ಬಿಯಲ್ಲಿ ಚಳಿಗೆ ನಡುಗುತ್ತ ನಿಂತಿತ್ತು. "ಒಳಗಿಡಬಾರದಾ ಅಕ್ಕ?" ಎಂದೆ. "ಜಾಗ ಎಲ್ಲಿದೆ?" ಎಂದಳು. ಒಳಗಿನ ಖಾಲಿ ಕಟ್ಟೆಯ ಮೇಲೆ ಆನೆ ಕಾಲು ಚಾಚಿ ಮಲಗಬಹುದಿತ್ತು.

ಅಪರಾಧಿ ಎದುರಿನ ಯಜಮಾನನೇ ಎಂದು ನಾನು ಅಷ್ಟರಲ್ಲಿ ನಿರ್ಧರಿಸಿಯಾಗಿತ್ತು. ರಜೆಯ ದಿನ ಅವನ ಅಂಗಡಿಯೂ ಮುಚ್ಚಿತ್ತಲ್ಲ! ಒಬ್ಬನೇ ನುಗ್ಗಿದೆ. ಬಾಗಿಲು ತುಂಬುವ ಆಳು, ಕೈಯಲ್ಲಿ ದಂಟು ಕತ್ತರಿಸುವ ಚೂರಿ. "ಆ ಹುಡುಗಿಗೆ ಹೇಳಿ..." ಎಂದು ಚೂರಿ ಹಿಡಿದೇ ನನ್ನತ್ತ ಬಂದ. ಮುಂದಿನದನ್ನು ಕೇಳಲು ನನಗೆ ಪುರುಸೊತ್ತಿರಲಿಲ್ಲ. ಗಾಳಿಗಿಂತ ಜೋರಾಗಿ ಓಡಿಬಂದು ಭಾವನಿಗೆ ವರದಿ ಒಪ್ಪಿಸಿದೆ.

ಮರುದಿನ ಸಂಜೆ ಭಾವ ಎಲ್ಲರನ್ನೂ ಹೂವಿನಂಗಡಿಯಲ್ಲಿ ಸೇರಿಸಿದರು. ಬೀಗದಕೈಗೆ ಕೈ ಚಾಚಿ ಕೂತ ಕಟ್ಟಡದ ಮಾಲೀಕ, ಶಾಲಿನೊಳಗೆ ಮುದುಡಿದ ಅತ್ತೆ, ಹೂವಮ್ಮನ ಹೆಗಲು ತಬ್ಬಿ ನಿಂತ ಹಣ್ಣಿನಂಗಡಿ ಅಕ್ಕ. ಎದುರಿನ ಯಜಮಾನ ಬಂದು ಬಾಗಿಲಿಗೆ ಅಡ್ಡ ನಿಂತಾಗ ಹೂವಮ್ಮ ಅಕ್ಕನ ತೋಳು ಬಿಗಿಯಾಗಿ ಹಿಡಿದಳು.

ಭಾವ ಬಟ್ಟೆ ಮುಚ್ಚಿದ ಎರಡು ಗಾಜಿನ ಜಾಡಿ ಹೊರತೆಗೆದರು. "ನಿನ್ನೆ ಬೆಳಿಗ್ಗೆ ಹಿತ್ತಲಿನ ಬಕೆಟ್ಟಿಂದ ಒಂದೇ ಥರದ ಹೂವನ್ನ ಎರಡಕ್ಕೂ ಹಾಕಿ, ನಮ್ಮನೇಲಿ ಮುಚ್ಚಳ ಬಿಗಿದಿಟ್ಟೆ. ಒಂದರಲ್ಲಿ ಬರೀ ಹೂವು. ಇನ್ನೊಂದರಲ್ಲಿ ಹೂವಿನ ಜೊತೆ ಆ ಬುಟ್ಟಿಯ ಹಣ್ಣು." ಬಟ್ಟೆ ಎಳೆದರು.

ಮೊದಲನೆಯದರಲ್ಲಿ ಹೂವು ಅರಳಿತ್ತು. ಎರಡನೆಯದರಲ್ಲಿ ಎಸಳು ಮುದುಡಿ ಸತ್ತಿತ್ತು.

"ರಾತ್ರಿ ಯಾರೂ ಬರಲಿಲ್ಲ ತಾಯಿ. ಸಾವನ್ನ ಒಳಗಿಟ್ಟುಕೊಂಡೇ ನೀವು ಬೀಗ ಹಾಕ್ತಿದ್ರಿ. ಮಾಗಿದ ಹಣ್ಣು ಒಂದು ಥರದ ಗಾಳಿ ಬಿಡುತ್ತೆ. ಕಾಯಿ ಅದರಿಂದ ಹಣ್ಣಾಗುತ್ತೆ, ಹೂವು ಅದರಿಂದ ಮುದುಡುತ್ತೆ. ನೀವು ಬಯಲಲ್ಲಿ ಮಾರಿದವರು, ನಿಮಗದು ಕಾಣೋ ಸಂದರ್ಭವೇ ಬರಲಿಲ್ಲ. ಹಿತ್ತಲಿನ ಹೂವು ಉಳಿದದ್ದು ಅದಕ್ಕೇ. ರಜೆಯ ದಿನ ಹಣ್ಣಿನಂಗಡಿ ಮುಚ್ಚಿತ್ತು, ಬುಟ್ಟಿ ಬರಲಿಲ್ಲ, ಒಳಗಿನ ಹೂವೂ ಉಳೀತು. ಮನುಷ್ಯರಿಗೆ ಅದರಿಂದ ಏನೂ ಆಗಲ್ಲ, ಅತ್ತೆಯವರದು ಬರೀ ಶೀತ."

"ಅಯ್ಯೋ, ನನಗೇನು ಗೊತ್ತು?" ಎಂದಳು ಅಕ್ಕ. "ಪಾಪ, ಪರದೇಶಿ ಅಂತ ಪ್ರೀತಿಯಿಂದ ಹಣ್ಣು ಕೊಟ್ಟಿದ್ದೂ ತಪ್ಪಾ?"

"ಹಣ್ಣಿನ ಉಸಿರಿನ ವಿಷಯ ನಮ್ಮ ಭಾಮೈದನಿಗೆ ಹೇಳಿದ್ದು ನೀವೇ. ಅದು ಹೂವಿಗೆ ಆಗಲ್ಲ ಅಂತ ಗೊತ್ತಿಲ್ಲದಿದ್ರೆ, ಅವರು ಕೊಟ್ಟ ಹೂವನ್ನ ಒಳಗೆ ಜಾಗ ಇದ್ರೂ ಮೆಟ್ಟಿಲ ಮೇಲೆ ಯಾಕಮ್ಮಾ ಇಡ್ತಿದ್ರಿ?"

ಅಕ್ಕನ ಕೈ ಹೂವಮ್ಮನ ಹೆಗಲಿಂದ ಜಾರಿತು.

ಮಾಲೀಕ ಗಂಟಲು ಸರಿಮಾಡಿಕೊಂಡ. "ಗೋಡೆ ಒಡೆದು ಅಂಗಡಿ ದೊಡ್ಡದು ಮಾಡ್ತೀನಿ, ಈ ಕೋಣೆ ನನಗೇ ಕೊಡಿ ಅಂತ ಈಯಮ್ಮ ವರ್ಷದಿಂದ ಗಂಟುಬಿದ್ದಿದ್ರು. ಮೊದಲಿದ್ದವನು ಹೆದರಿ ಓಡಿಹೋಗಲಿಲ್ಲ ಸಾರ್, ಮದುವೆಯಾಗಿ ಮಾವನ ಮನೆ ಸೇರಿದ."

"ಮತ್ತೆ ಇವರು?" ಹೂವಮ್ಮ ಯಜಮಾನನತ್ತ ಬೆರಳು ತೋರಿಸಿದಳು.

ಆ ಪರ್ವತ ಆಗ ಬಾಯಿ ಬಿಟ್ಟಿತು. "ಗಾಜಿನಿಂದ ಬುಟ್ಟಿ ಕಾಣ್ತಿತ್ತಮ್ಮ. ಹಣ್ಣು ತೆಗೆದು ಆಚೆ ಇಡು ಅಂತ ಹೇಳೋಕೆ ಎಷ್ಟೋ ಸಲ ಬಾಗಿಲ ತನಕ ಬಂದೆ. ನನ್ನ ಕಂಡ ತಕ್ಷಣ ನೀನು ಚಿಲಕ ಹಾಕ್ಕೊಳ್ತಿದ್ದೆ. ಇವರಿಗೆ ಹೇಳೋಣ ಅಂದ್ರೆ, ಇವರು ಓಡಿದ್ದು ನೋಡಿ ನನಗೇ ಗಾಬರಿಯಾಯ್ತು."

ಎಲ್ಲರೂ ನನ್ನತ್ತ ತಿರುಗಿದರು. ನಾನು ಛಾವಣಿಯ ಗಟ್ಟಿತನ ಪರೀಕ್ಷಿಸುತ್ತಿದ್ದೆ.

ಅಕ್ಕ ಯಜಮಾನನ ಪಕ್ಕದಿಂದ ನುಸುಳಿ ಹೊರಗೆ ಹೋದಳು. ಹೂವಮ್ಮ ಗಲ್ಲಾದ ಮೇಲಿದ್ದ ಬುಟ್ಟಿಯನ್ನು ಎರಡೂ ಕೈಯಲ್ಲಿ ದೂರ ಹಿಡಿದು ಒಯ್ದು, ಪಕ್ಕದ ಹಣ್ಣಿನಂಗಡಿಯ ಮೆಟ್ಟಿಲ ಮೇಲಿಟ್ಟಳು. ಅಲ್ಲಿದ್ದ ತನ್ನ ಹೂವಿನ ಡಬ್ಬಿ ಎತ್ತಿಕೊಂಡು ಬಂದಳು. ಹಿತ್ತಲಿನ ಬಕೆಟ್ಟು ಬಿಟ್ಟರೆ ಅಂಗಡಿಯಲ್ಲಿ ಮಾರಬಹುದಾಗಿದ್ದದ್ದು ಅದೊಂದೇ ಕಟ್ಟು. ಮಾಲೀಕ ಚಾಚಿದ್ದ ಕೈಯನ್ನು ಜೇಬಿಗೆ ಹಾಕಿಕೊಂಡ.

"ಅದನ್ನ ನನಗೆ ಕೊಡಮ್ಮ," ಎಂದ ಯಜಮಾನ. "ಹಾಗೇ ಬಾಗಿಲು ಸ್ವಲ್ಪ ತೆರೆದಿಡು, ಗಾಳಿಯಾಡಲಿ."

ಅವಳು ಹೂವು ಕೊಟ್ಟಳು. ಬಾಗಿಲನ್ನೂ ತೆರೆದಿಟ್ಟಳು. ಆದರೆ ಮುಂದೆ ಎಷ್ಟೋ ದಿನ, ಯಾರಾದರೂ ನಗುತ್ತ ಏನಾದರೂ ಕೊಡಲು ಬಂದರೆ, ಕೈ ಚಾಚುವ ಮೊದಲು ಅವಳು ನಮ್ಮ ಕಿಟಕಿಯತ್ತ ತಲೆಯೆತ್ತಿ ನೋಡುತ್ತಿದ್ದಳು. ತಗೊಳ್ಳಬಹುದು ಎಂದು ಭಾವ ತಲೆಯಾಡಿಸುವವರೆಗೆ ಅವಳ ಕೈ ಸೆರಗಿನೊಳಗೇ ಇರುತ್ತಿತ್ತು.