ತಿರುಗಿಸದ ಪುಟ

ಲಿಫ್ಟ್ ಎರಡು ಮಹಡಿಗಳ ನಡುವೆ ಕೆಟ್ಟು ನಿಂತು ಬಹಳ ಹೊತ್ತಾಗಿತ್ತು. ಕೊನೆಗೂ ಯಾರೋ ಹೊರಗಿನಿಂದ ಬಾಗಿಲು ಮೀಟಿ ತೆರೆದರು. ಎಣ್ಣೆ ಮೆತ್ತಿದ ಕೈಯೊಂದು ಒಳಗೆ ಚಾಚಿತು.

"ಗಾಬರಿ ಆಗ್ಬೇಡಿ. ಕೈ ಹಿಡ್ಕೊಳ್ಳಿ."

ಒಳಗೆ ಸಿಕ್ಕಿಕೊಂಡಿದ್ದ ಅವಳು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಮೂರು ವರ್ಷ ಮರೆಯಲು ಹೆಣಗಿದ ದನಿ ಅದು.

ಲಿಫ್ಟಪ್ಪ... ಈ ಮೆಕ್ಯಾನಿಕ್‌ಗೆ ದೊಡ್ಡಪ್ಪ ಇಟ್ಟಿದ್ದ ಹೆಸರು.

"ಬೇಡ. ನಾನೇ ಹತ್ತಿ ಬರ್ತೀನಿ. ನೀವು ಪಕ್ಕಕ್ಕೆ ಸರೀರಿ."

ಒಂದು ಕಾಲದಲ್ಲಿ ಬಾಯ್ತುಂಬ 'ನೀನು' ಎನ್ನುತ್ತಿದ್ದವಳ ಈ 'ನೀವು' ಅವನಿಗೆ ತಾಗಿತು. ಅವಳು ತಾನೇ ಹತ್ತಿ ಹೊರಬಂದಳು.

"ಈ ಊರಿಗೆ ಈಗಷ್ಟೇ ವಾಪಸ್ ಬಂದೆ," ಎಂದ. "ದೊಡ್ಡಪ್ಪ ಹೇಗಿದಾರೆ?"

"ಹೋಗ್ಬಿಟ್ರು. ಹೋದ ತಿಂಗಳು."

ಅವನು ಸ್ಪ್ಯಾನರ್ ಕೆಳಗಿಟ್ಟು ಮೆಟ್ಟಿಲ ಮೇಲೆ ಕುಸಿದು ಕೂತ.

ಅಪ್ಪ ಅಮ್ಮನಿಲ್ಲದ ಅವಳನ್ನು ಸಾಕಿದ್ದು ದೊಡ್ಡಪ್ಪ. ಗ್ರೀಕ್, ಲ್ಯಾಟಿನ್ ಮೇಷ್ಟ್ರು. ನಿವೃತ್ತರಾದ ಮೇಲೂ ಸಂಜೆ ಮನೆಯ ಹಜಾರದಲ್ಲೇ ಪಾಠ. ಉಳಿದಿದ್ದ ಶಿಷ್ಯರು ಇಬ್ಬರೇ. ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವ ಅವಳು, ಲಿಫ್ಟ್ ರಿಪೇರಿಗೆ ಬಂದು ಬಾಗಿಲಾಚೆ ಪಾಠ ಕೇಳುತ್ತಾ ಸಿಕ್ಕಿಬಿದ್ದ ಇವನು.

ದೊಡ್ಡಪ್ಪನಿಗೆ ಕಿವಿ ಮಂದ. ಗಂಟಲು ಹರಿಯುವಂತೆ ಓದಬೇಕಿತ್ತು. ಮೇಲಿನ ಮನೆಯಾಕೆ, "ನಂಗೂ ಅರ್ಧ ಗ್ರೀಕ್ ಬಂತು ಬಿಡಿ," ಎನ್ನುತ್ತಿದ್ದಳು.

"ಸತ್ತ ಭಾಷೆ ಕಲಿತು ಏನು ಕಡಿದು ಗುಡ್ಡೆ ಹಾಕ್ತೀಯ?" ಎಂದು ಅಂಗಡಿಯವರು ನಕ್ಕಾಗ ಅವಳು ಅದನ್ನೇ ದೊಡ್ಡಪ್ಪನಿಗೆ ಒಪ್ಪಿಸಿದ್ದಳು.

"ಎರಡು ಸಾವಿರ ವರ್ಷದ ಹಿಂದೆ ಯಾರೋ ಅತ್ತಿದ್ದು ಇವತ್ತು ನಮ್ಮ ಹಜಾರದಲ್ಲಿ ಕೇಳ್ಸುತ್ತೆ, ಪುಟ್ಟಿ. ಇನ್ನೇನು ಬೇಕು?"

ಅವರದು ಒಂದೇ ನಿಯಮ. ಮುಂದಿನ ಪುಟವನ್ನು ಯಾರೂ ಒಬ್ಬರೇ ಓದಬಾರದು. ಬರದವರಿಗಾಗಿ ಕಾಯಬೇಕು.

ಹಡಗು ಒಡೆದು ಬೇರೆಯಾದ ಗಂಡ ಹೆಂಡತಿಯ ಕಥೆ ಓದುತ್ತಿದ್ದರು. ದಡದಲ್ಲಿ ನಿಂತ ಹೆಂಡತಿಗೆ ದೂರದಲ್ಲೊಂದು ಹಾಯಿ ಕಾಣುತ್ತದೆ. ಪಾಠ ಆ ಪುಟಕ್ಕೆ ಬಂದಾಗ ಲಿಫ್ಟಪ್ಪ ಹೇಳದೆ ಕೇಳದೆ ಮಾಯವಾದ.

"ನಿಮಗೋಸ್ಕರ ಕಾದ್ರು," ಎಂದಳು. "ಪುಟ ತಿರುಗಿಸ್ಲೇ ಇಲ್ಲ. ನಿಮ್ಮ ಕಂಪನಿಗೂ ಹೋಗಿ ಕೇಳಿದ್ರು, ಅವರು ವಿಳಾಸ ಕೊಡ್ಲಿಲ್ಲ. 'ತಪ್ಪು ನಂದೇ' ಅಂತಾನೇ ಇದ್ರು. ಏನು ತಪ್ಪು ಮಾಡಿದ್ರು ಅವರು?"

ಅವನ ಕಣ್ಣು ತುಂಬಿತು.

"ಅವರೇನೂ ಮಾಡ್ಲಿಲ್ಲ. ಅವತ್ತು ನೀವು ಅಂಗಡಿಯಿಂದ ಇನ್ನೂ ಬಂದಿರ್ಲಿಲ್ಲ. 'ಏನಯ್ಯಾ, ನೀನು ಬರೋದು ಗ್ರೀಕ್ ಕಲಿಯೋಕಾ, ನನ್ನ ಮಗಳನ್ನ ನೋಡೋಕಾ?' ಅಂದ್ರು. ಕಳ್ಳ ಸಿಕ್ಕಿಬಿದ್ದ ಹಾಗಾಯ್ತು ನಂಗೆ. ಇನ್ಯಾವ ಮುಖ ಇಟ್ಕೊಂಡು ಬರ್ಲಿ? ಕಂಪನೀಲಿ ಕೇಳಿಕೊಂಡು ಬೇರೆ ಊರಿಗೆ ವರ್ಗ ಹಾಕಿಸ್ಕೊಂಡೆ."

ಅವಳು ಗೋಡೆಗೆ ಒರಗಿದಳು. 'ಅಯ್ಯೋ ದೊಡ್ಡಪ್ಪ... ತಮಾಷೆ ಮಾಡಿದ್ದಲ್ವಾ ನೀವು...'

ಕಂಡಕಂಡವರ ಕಾಲೆಳೆಯುತ್ತಿದ್ದ ಮನುಷ್ಯ. ಆಡಿದ್ದನ್ನು ಅವಳಿಗೂ ಹೇಳಲಾರದೆ ನುಂಗಿಕೊಂಡಿದ್ದರು. ಒಂದು ಕೀಟಲೆಯ ಮಾತಿಗೆ ಮೂವರೂ ಇಷ್ಟು ವರ್ಷ ಒಳಗೊಳಗೇ ಬೆಂದಿದ್ದರು.

"ಅವರ ಪ್ರಶ್ನೆಗೆ ಉತ್ತರ ಏನಿತ್ತು?" ಮೆಲ್ಲಗೆ ಕೇಳಿದಳು.

"ಮೊದಮೊದಲು ಗ್ರೀಕ್ ಕಲಿಯೋಕೇ ಬಂದೆ. ಆಮೇಲೆ... ನೀವಿಲ್ಲದ ದಿನ ಅದೂ ತಲೆಗೆ ಹತ್ತುತ್ತಿರ್ಲಿಲ್ಲ."

"ಲಿಫ್ಟ್ ಸದ್ದಾದಾಗೆಲ್ಲ ನಾನು ಬಾಗಿಲು ನೋಡ್ತಿದ್ದೆ," ಎಂದಳು. ಇಷ್ಟು ದಿನದ ಸಿಟ್ಟು ಅಳುವಾಗಿ ಹರಿಯಿತು. "ಆ ಕಥೆ ಕೊನೆಗೆ ಏನಾಯ್ತು? ಓದಿದ್ರಾ?"

"ಪುಸ್ತಕ ಆ ಊರಲ್ಲೂ ಸಿಕ್ತು. ನೀವಿಬ್ಬರೂ ಇಲ್ದೆ ತೆರೆಯೋಕೆ ಕೈ ಬರ್ಲಿಲ್ಲ."

ಅವಳು ಮನೆಯ ಬೀಗ ತೆಗೆದಳು. ಹಜಾರದಲ್ಲಿ ಮೂರು ಕುರ್ಚಿಗಳೂ ಹಾಗೇ ಇದ್ದವು. ಪುಸ್ತಕದ ನಡುವೆ ಗುರುತಿಗೆಂದು ದೊಡ್ಡಪ್ಪ ಇಟ್ಟಿದ್ದ ಕನ್ನಡಕ ಒರೆಸುವ ಬಟ್ಟೆಯೂ ಇತ್ತು. ಅವನು ಕೈ ತೊಳೆದು ಬಂದು ತನ್ನ ಕುರ್ಚಿಯಲ್ಲಿ ಕೂತ.

ಅವಳು ಪುಟ ತಿರುಗಿಸಲು ಹೋಗಿ ಕೈ ಹಿಂದೆಗೆದುಕೊಂಡಳು. ಖಾಲಿ ಕುರ್ಚಿ ನೋಡಿ ಬಿಕ್ಕಿದಳು.

"ಬರದವರಿಗೆ ಕಾಯ್ಬೇಕು ಅಲ್ವಾ... ದೊಡ್ಡಪ್ಪ ಬಂದಿಲ್ವಲ್ಲ. ಹೇಗೆ ಓದ್ತೀಯ ನೀನು?"

ಅವನು ಅವಳ ಕೈ ಹಿಡಿದುಕೊಂಡ.

"ಗಟ್ಟಿಯಾಗಿ ಓದೋಣ," ಎಂದ. "ಅವರಿಗೆ ಕಿವಿ ಸ್ವಲ್ಪ ಮಂದ."