ಬಾಗಿಲಿಗೆ ಬೆನ್ನು ಕೊಟ್ಟ ದಿಂಬು

ಮೂರನೇ ಮಹಡಿಯ ಕೋಣೆಯಲ್ಲಿ ಒಬ್ಬ ಮನುಷ್ಯ ಪ್ರಜ್ಞೆ ಇಲ್ಲದೆ ಬಿದ್ದಿದ್ದ. ಕೆಳಗೆ ಹೋಟೆಲಿನ ಬಾಗಿಲಲ್ಲಿ ಎರಡು ಆಂಬುಲೆನ್ಸುಗಳು ಮೂತಿಗೆ ಮೂತಿ ಹಚ್ಚಿ ನಿಂತಿದ್ದವು. ಒಂದು ನೀಲಿ, ಒಂದು ಹಸಿರು.

"ಪೇಷೆಂಟ್ ನಮ್ಮೋರು!" ಎಂದು ನೀಲಿ ಗಾಡಿಯ ಡ್ರೈವರ್ ಕೂಗಿದ.

"ನಿಮ್ಮೋರು ಅಂತ ಹಣೆ ಮೇಲೆ ಬರ್ಕೊಂಡಿದಾರಾ?"

ಇನ್‌ಸ್ಪೆಕ್ಟರಿಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲಿ. ಅವತ್ತು ಇನ್ನೂ ಒಂದು ಗುಲಗಂಜಿ ಜಾಸ್ತಿ. ಅವನ ಸ್ವಂತ ತಮ್ಮ, ಇಲಾಖೆಯಲ್ಲಿ ಅವನಿಗಿಂತ ಎರಡು ಮೆಟ್ಟಿಲು ಮೇಲಿನ ಅಧಿಕಾರಿ, ಆಗಲೇ ಫೋನ್ ಮಾಡಿದ್ದ. "ಅಣ್ಣಾ, ದೊಡ್ಡ ಜನರ ಕೇಸು. ನಾನು ಬರ್ಲಾ?"

"ನೀನು ಮನೇಲಿರು," ಎಂದು ಫೋನ್ ಕುಕ್ಕಿದ್ದ.

"ಇಬ್ರೂ ಗಾಡಿ ತೆಗೀರಿ," ಎಂದು ಈಗ ಗದರಿದ. "ಅವರನ್ನ ಸರ್ಕಾರಿ ಆಸ್ಪತ್ರೆಗೆ ಕಳಿಸ್ತೀನಿ."

"ಅಲ್ಲಿಗಾ!" ಎಂದು ಡ್ರೈವರುಗಳಿಬ್ಬರೂ ಒಟ್ಟಿಗೆ ಮೂಗು ಮುರಿದರು. ಅಷ್ಟರ ಮಟ್ಟಿಗೆ ಅವರಲ್ಲಿ ಒಗ್ಗಟ್ಟಿತ್ತು.

ಬಿದ್ದಿದ್ದವನು ಸಾಮಾನ್ಯ ಆಸಾಮಿಯಲ್ಲ. ಆಸ್ಪತ್ರೆಗಳ ಜಾಲಗಳನ್ನೆಲ್ಲ ಸುತ್ತಿ, ಅಳೆದು, ಯಾವುದು ಎಲ್ಲಕ್ಕಿಂತ ದೊಡ್ಡದು ಎಂದು ಪತ್ರಿಕೆಯಲ್ಲಿ ಸಾರುವವನು. ಆ ಕಾರಣಕ್ಕೇ ಅವನಿಗೆ ತಕ್ಕಡಿ ಎಂದು ಅಡ್ಡಹೆಸರು. ಅವತ್ತು ಮಧ್ಯಾಹ್ನವೇ ಅವನು ಸಭೆಯಲ್ಲಿ ಫಲಿತಾಂಶ ಹೇಳಬೇಕಿತ್ತು.

ನೀಲಿ ಗಾಡಿಯ ಆಸ್ಪತ್ರೆ ಜಾಲ ಅಕ್ಕನದು. ಹಸಿರು ಜಾಲ ತಂಗಿಯದು. ಹೌದು, ಒಡಹುಟ್ಟಿದವರೇ. ಅಕ್ಕನ ಬಳಿ ಆಸ್ಪತ್ರೆಗಳು ಜಾಸ್ತಿ, ತಂಗಿಯ ಬಳಿ ಹಾಸಿಗೆಗಳು ಜಾಸ್ತಿ. ತಕ್ಕಡಿ ಕಟ್ಟಡ ಎಣಿಸಿದರೆ ಅಕ್ಕ ದೊಡ್ಡವಳು, ಮಂಚ ಎಣಿಸಿದರೆ ತಂಗಿ. ವರ್ಷಗಟ್ಟಲೆ ಇಬ್ಬರಿಗೂ ಇದೇ ಹೊಟ್ಟೆಯುರಿ.

*  *  *

ಕೋಣೆಯಲ್ಲಿ ಎರಡು ಕಾಫಿ ಕಪ್ಪುಗಳಿದ್ದವು. ಒಂದರ ತಳದಲ್ಲಿ ಬಿಳಿ ಪುಡಿ ಕಚ್ಚಿಕೊಂಡಿತ್ತು. ಕುರ್ಚಿಯ ಬೆನ್ನಿಗೆ ನೀಲಿ ರೇಷ್ಮೆ ಶಾಲು.

"ಶಾಲು ದೊಡ್ಡಮೇಡಮ್ಮೋರದೇ ಸಾರ್," ಎಂದ ಪೇದೆ. "ಪೇಪರಲ್ಲಿ ಬರೋ ಫೋಟೋದಲ್ಲೆಲ್ಲ ಇದೇ ಇರತ್ತೆ. ಕೇಸ್ ಮುಗೀತು."

"ನಿನ್ನ ಬಾಯಿ ಮುಗಿಸು ಮೊದ್ಲು."

ಇನ್‌ಸ್ಪೆಕ್ಟರ್ ಖಾಲಿ ಹಾಸಿಗೆ ನೋಡುತ್ತ ನಿಂತ. ತಕ್ಕಡಿಯನ್ನು ಆಗಲೇ ಸರ್ಕಾರಿ ಆಸ್ಪತ್ರೆಗೆ ಸಾಗಿಸಿಯಾಗಿತ್ತು. ಪೊಲೀಸರು ಬಂದಾಗ ಅವನನ್ನು ಯಾರೋ ಎಡಮಗ್ಗುಲಿಗೆ ಮಲಗಿಸಿ, ಮೇಲಿನ ಮೊಣಕಾಲು ಮಡಚಿದ್ದರು. ಉರುಳಿ ಬೀಳದ ಹಾಗೆ ಎರಡು ಕುರ್ಚಿ ಅಡ್ಡ ಇಟ್ಟಿದ್ದರು. ವಿಷ ಹಾಕಿದವರು ಇಷ್ಟು ಮುತುವರ್ಜಿ ವಹಿಸುತ್ತಾರೆಯೇ?

ಮೊದಲು ನೋಡಿದವಳು ಕೋಣೆ ಗುಡಿಸುವ ಹೆಂಗಸು. ಅವಳನ್ನು ಕರೆಸಿದ.

"ಹೊದಿಕೆ, ದಿಂಬು ಎಲ್ಲ ನೀನು ಸರಿ ಮಾಡಿದ್ದಾ?"

"ಇಲ್ಲಪ್ಪ! ಮುಟ್ಟೇ ಇಲ್ಲ. ಬಾಗಿಲು ತೆಗ್ದೆ, ನೋಡ್ದೆ, ಕಿರುಚ್ಕೊಂಡೆ."

"ಇನ್ನೊಂದು ದಿಂಬಿನ ಚೀಲದ ಬಾಯಿ ಬಾಗಿಲ ಕಡೆ ಇದೆ. ಅವರ ತಲೆ ಕೆಳಗಿದ್ದದ್ದು ಮಾತ್ರ ಗೋಡೆ ಕಡೆ. ಯಾಕೆ?"

"ದಿಂಬಿನ ಬಾಯಿ ಯಾವ ಕಡೆಗಿದ್ರೆ ನಮಗೇನ್ ಸಾರ್? ಅದೇನು ಮಾತಾಡತ್ತಾ?"

*  *  *

ಸರ್ಕಾರಿ ಆಸ್ಪತ್ರೆಯಲ್ಲಿ ಗೋಡೆಯ ಬಣ್ಣ ಹಪ್ಪಳದಂತೆ ಎದ್ದಿತ್ತು. ಡ್ಯೂಟಿ ಡಾಕ್ಟರ್ ಹುಡುಗಿ ಮಾತ್ರ ಚುರುಕು.

"ಇವ್ರಿಗೆ ಉಬ್ಬಸ ಇದೆ. ಉಸಿರು ಇಳೀತಾ ಇದೆ. ಯಾವ ಮಾತ್ರೆ ಕೊಟ್ಟಿದಾರೆ ಅಂತ ತಿಳೀಲೇಬೇಕು ಸಾರ್. ಲ್ಯಾಬ್ ರಿಪೋರ್ಟ್ ಬರೋ ತನಕ ಕಾದ್ರೆ ಕೈ ತಪ್ಪಿ ಹೋಗ್ತಾರೆ."

ಅಂದರೆ ಈಗ ಹಿಡಿಯಬೇಕಾದದ್ದು ಬರೀ ಅಪರಾಧಿಯನ್ನಲ್ಲ. ಅವರ ಬಾಯಿಂದ ಒಂದು ಔಷಧದ ಹೆಸರನ್ನು.

ವಾರ್ಡಿನ ಬಾಗಿಲಲ್ಲಿ ನಿಂತವನ ಕಣ್ಣು ಸಾಲಾಗಿದ್ದ ಮಂಚಗಳ ಮೇಲೆ ಹೋಯಿತು. ಯಾವ ದಿಂಬಿನ ಬಾಯಿಯೂ ಅವನಿಗೆ ಕಾಣಲಿಲ್ಲ. ಎಲ್ಲವೂ ಬಾಗಿಲಿಗೆ ಬೆನ್ನು ಕೊಟ್ಟಿದ್ದವು.

"ಏನ್ ಸಿಸ್ಟರ್, ಇದು ಹೀಗ್ಯಾಕೆ?"

ವಯಸ್ಸಾದ ನರ್ಸ್ ನಕ್ಕಳು. "ಟ್ರೈನಿಂಗಲ್ಲಿ ಕಿವಿ ಹಿಂಡಿ ಕಲಿಸ್ತಾರೆ ಸಾರ್. ಬಾಗಿಲಿಂದ ನೋಡಿದ್ರೆ ವಾರ್ಡ್ ಅಚ್ಚುಕಟ್ಟಾಗಿ ಕಾಣ್ಬೇಕು. ನಾನು ನಮ್ಮನೇಲೂ ಹಾಗೇ ಹಾಕ್ತೀನಿ. ನಮ್ಮೆಜಮಾನ್ರು ಬೈತಾರೆ."

*  *  *

ಅಕ್ಕ, ತಂಗಿ ಇಬ್ಬರನ್ನೂ ಅಲ್ಲಿಗೇ ಕರೆಸಿದ. ವರಾಂಡದಲ್ಲೇ ಜಗಳ ಶುರುವಾಯಿತು.

"ಶಾಲು ನನ್ನದೇ," ಎಂದಳು ಅಕ್ಕ. "ನಿನ್ನೆ ಸಾಯಂಕಾಲ ಹೋಗಿದ್ದೆ. ನಮ್ಮ ಹೊಸ ಆಸ್ಪತ್ರೆಗಳ ಬಗ್ಗೆ ಹೇಳಿ ಬಂದೆ. ಮರೆತೆ. ಅದೇನು ಅಪರಾಧವಾ?"

"ಆಸ್ಪತ್ರೆ ಅಂತೆ!" ಎಂದಳು ತಂಗಿ. "ಗೂಡಂಗಡಿ ಇಟ್ಟು ಬೋರ್ಡ್ ಹಾಕಿದ್ರೆ ಆಸ್ಪತ್ರೆನಾ ಅಕ್ಕಾ?"

"ನೋಡಿ ಇನ್‌ಸ್ಪೆಕ್ಟ್ರೇ, ಹೇಗೆ ಮಾತಾಡ್ತಾಳೆ. ನನ್ನ ಕೈ ಕೆಳಗೆ ನರ್ಸಾಗಿ ಬೆಡ್‌ಪ್ಯಾನ್ ತೊಳೀತಿದ್ದೋಳು ಇವಳು. ಗಂಡನ ದುಡ್ಡು ಬಂತು, ಮೇಡಂ ಆದ್ಲು."

ತಂಗಿಯ ಮುಖ ಹರಳೆಣ್ಣೆ ಕುಡಿದಂತಾಯಿತು. ಇನ್‌ಸ್ಪೆಕ್ಟರ್ ಕಿವಿ ನಿಮಿರಿಸಿದ. ಒಳಗೆ ಹೋದ. ನರ್ಸಿನ ಕಿವಿಯಲ್ಲಿ ಏನೋ ಹೇಳಿದ. ಆಮೇಲೆ ಇಬ್ಬರನ್ನೂ ತಕ್ಕಡಿಯ ಮಂಚದ ಬಳಿ ಕರೆದ.

"ನೋಡಿ, ಉಸಿರಿಗೆ ಒದ್ದಾಡ್ತಾ ಇದಾರೆ. ನಿಮಗೇನಾದ್ರೂ ಹೊಳೆಯತ್ತಾ?"

ಅಕ್ಕ ನೇರ ಹೋಗಿ ನಾಡಿ ಹಿಡಿದಳು, ಕಣ್ಣಿನ ರೆಪ್ಪೆ ಎತ್ತಿದಳು. ಅಪ್ಪಟ ಡಾಕ್ಟರ್. ತಂಗಿ ತಲೆಯ ಕಡೆ ನಿಂತಳು. ಅವಳಿಗೆ ಉಬ್ಬಸದ ವಿಷಯ ಗೊತ್ತಿರಲಿಲ್ಲ. ಆ ನೀಲಿಗಟ್ಟಿದ ತುಟಿ ನೋಡಿ ಅವಳ ಬಣ್ಣವೂ ಇಳಿಯಿತು. ಕೈ ಮಾತ್ರ ತನ್ನಷ್ಟಕ್ಕೆ ಕೆಲಸ ಮಾಡಿತು. ರೋಗಿಯ ಕುತ್ತಿಗೆಯನ್ನು ಅಂಗೈಯಲ್ಲಿ ಎತ್ತಿ, ದಿಂಬನ್ನು ತಿರುಗಿಸಿ, ಬಾಯಿ ಗೋಡೆಯ ಕಡೆ ಮಾಡಿ, ತಲೆಯನ್ನು ಮೆಲ್ಲಗೆ ಇಳಿಸಿತು.

"ಹೋಟೆಲಿನಲ್ಲೂ ಹೀಗೇ ಮಾಡಿದ್ರಿ," ಎಂದ ಇನ್‌ಸ್ಪೆಕ್ಟರ್.

ಅವಳ ಕೈ ಅಲ್ಲೇ ನಿಂತಿತು.

"ಮಗ್ಗುಲು ತಿರುಗಿಸೋದು ಡಾಕ್ಟರಿಗೂ ಗೊತ್ತು. ಕುರ್ಚಿ ಅಡ್ಡ ಇಡೋದು ಯಾರಿಗಾದ್ರೂ ಹೊಳೆಯತ್ತೆ. ಆದರೆ ಕಳ್ಳ ಕೆಲಸಕ್ಕೆ ಬಂದಾಗಲೂ ದಿಂಬಿನ ಬಾಯಿ ನೋಡೋದು ನರ್ಸ್ ಒಬ್ಬಳೇ. ನಿಮ್ಮಕ್ಕ ಈಗ ಮುಖ ನೋಡಿದ್ರು, ನಾಡಿ ನೋಡಿದ್ರು. ದಿಂಬು ಅವರ ಕಣ್ಣಿಗೇ ಬೀಳಲಿಲ್ಲ. ಇದನ್ನ ಉಲ್ಟಾ ಇಡಿಸಿದ್ದು ನಾನೇ. ಕೊಲ್ಲೋ ಮನಸ್ಸು ನಿಮಗಿರಲಿಲ್ಲ, ಗೊತ್ತು. ಆದರೆ ಸಾಯ್ತಾ ಇದಾರೆ. ಮಾತ್ರೆ ಯಾವುದು?"

ತಂಗಿ ಹೇಳಿಬಿಟ್ಟಳು. ಹೆಸರನ್ನೂ, ಎಷ್ಟು ಎಂಬುದನ್ನೂ. ಡಾಕ್ಟರ್ ಹುಡುಗಿ ಇಂಜೆಕ್ಷನ್ನಿಗೆ ಓಡಿದಳು.

"ಬೆಳಿಗ್ಗೆ ಕಾಫಿಗೆ ಹೋಗಿದ್ದೆ," ಎಂದಳು ತಂಗಿ ಗೋಡೆಗೆ ಒರಗಿ. "ಮೊದಲ ಸ್ಥಾನ ನಿಮ್ಮದಲ್ಲ ಅಂದ್ರು. ಅಲ್ಲೇ ಕುರ್ಚಿ ಮೇಲೆ ಇವಳ ಶಾಲು ನೇತಾಡ್ತಿತ್ತು. ಇನ್ನೇನು, ಇವಳದೇ ಅಂದ್ಕೊಂಡೆ. ಮೈಯೆಲ್ಲ ಉರಿದು ಹೋಯ್ತು. ನಿದ್ದೆ ಬಾರದೆ ಇಟ್ಕೊಂಡಿದ್ದ ಮಾತ್ರೆ ಪರ್ಸಲ್ಲಿತ್ತು. ಇವತ್ತೊಂದು ದಿನ ಮಲಗಲಿ, ಸಭೆ ಮುಂದಕ್ಕೆ ಹೋಗಲಿ, ಅಷ್ಟರಲ್ಲಿ ಇನ್ನೆರಡು ಆಸ್ಪತ್ರೆ ಕೊಂಡ್ಕೊಳ್ಳೋಣ ಅಂತ."

"ನನ್ನ ಶಾಲು ಅಲ್ಲೇ ಬಿಟ್ಟು ಬಂದ್ಯಲ್ಲೇ, ಪಾಪಿ!"

"ನೋಡ್ದೆ. ಬಿಟ್ಟೆ," ಎಂದಳು ತಂಗಿ. ಆ ಹೊತ್ತಿನಲ್ಲೂ ಅವಳ ತುಟಿಯ ಕೊನೆಯಲ್ಲೊಂದು ಖುಷಿ ಮಿನುಗಿತು.

ಇನ್‌ಸ್ಪೆಕ್ಟರಿಗೆ ಆ ಖುಷಿಯ ಗುರುತು ಚೆನ್ನಾಗಿಯೇ ಇತ್ತು. ತಮ್ಮನಿಗೆ ಒಮ್ಮೆ ಮೇಲಿನವರು ಛೀಮಾರಿ ಹಾಕಿದ ದಿನ, ಕನ್ನಡಿಯಲ್ಲಿ ತನ್ನ ತುಟಿಯ ಮೇಲೂ ನೋಡಿದ್ದ.

*  *  *

ಬಹಳ ಹೊತ್ತಾದ ಮೇಲೆ ತಕ್ಕಡಿ ಕಣ್ಣು ಬಿಟ್ಟ. ತುಟಿಗೆ ಬಣ್ಣ ಬಂದಿತ್ತು. ಅಕ್ಕ ಎದುರಿಗೇ ಕಾದು ಕೂತಿದ್ದಳು. ತಂಗಿಯ ಹೇಳಿಕೆಯೂ ಆಗಷ್ಟೇ ಮುಗಿದಿತ್ತು, ಪಕ್ಕದಲ್ಲಿ ಹೆಣ್ಣು ಪೇದೆ.

"ಹೇಳಿ, ಮೊದಲನೇದು ನಮ್ಮದೇ ತಾನೇ?" ಎಂದಳು ಅಕ್ಕ.

ತಕ್ಕಡಿ ತಲೆ ಅಲ್ಲಾಡಿಸಿದ. "ನಿಮ್ಮದೂ ಅಲ್ಲ. ಈ ಸಲ ಖಾಸಗಿಯವರ ಜೊತೆ ಎಲ್ಲರನ್ನೂ ಸೇರಿಸಿ ತೂಗಿದೀನಿ. ಕಟ್ಟಡ ಎಣಿಸಿ, ಮಂಚ ಎಣಿಸಿ, ಹೇಗೆ ಎಣಿಸಿದ್ರೂ ಒಂದೇ ಉತ್ತರ." ಬಣ್ಣ ಎದ್ದ ಗೋಡೆಯ ಕಡೆ ಬೆರಳು ತೋರಿಸಿದ. "ಇವರದು, ಸರ್ಕಾರಿ ಜಾಲ. ನೀವಿಬ್ಬರೂ ಸೇರಿದ್ರೂ ಇವರ ಮೊಣಕಾಲಿಗೆ ಬರಲ್ಲ."

"ಇದಾ?" ಎಂದರು ಅಕ್ಕ ತಂಗಿ, ಒಂದೇ ಸ್ವರದಲ್ಲಿ. ಮಂಚದ ತುಕ್ಕು, ತೇಪೆ ಹಾಕಿದ ಪರದೆ, ದಿಂಬು ಸರಿಮಾಡುತ್ತಿದ್ದ ಮುದಿ ನರ್ಸು, ಎಲ್ಲವನ್ನೂ ಇಬ್ಬರೂ ಉರಿಗಣ್ಣಿಂದ ನೋಡಿದರು.

"ನಡೀರಿ ಮೇಡಂ," ಎಂದ ಇನ್‌ಸ್ಪೆಕ್ಟರ್. ತಂಗಿ ತಲೆ ತಗ್ಗಿಸಿ ಹೊರಟಳು. ಬಾಗಿಲು ದಾಟುವಾಗ ಕಾಲು ನಿಂತಿತು. ತಿರುಗಿ ನೋಡಿದಳು.

"ಅಕ್ಕಾ, ಎರಡನೇದು ಯಾರದಂತೆ, ಕೇಳೇ."

ಅಕ್ಕ ಆಗಲೇ ತಕ್ಕಡಿಯ ಬಾಯಿಗೆ ಕಿವಿಯಿಟ್ಟು ಬಗ್ಗಿದ್ದಳು.