ಅಜ್ಜಿ ಮ್ಯಾಚಿಗೆ ಹೋದ ಭಾನುವಾರ

“ಆಗಲ್ಲ ಅಂದ್ರೆ ಆಗಲ್ಲ!” ಎಂದು ಕ್ಷೌರಿಕ ಮನ್ಲಿಯೊ ಕತ್ತರಿಯನ್ನು ಗಾಳಿಯಲ್ಲಿ ಆಡಿಸಿದ. “ಪೊಲೀಸ್ ಆರ್ಡರ್ ಬಂದಿದೆ. ಕಾಲಾಫೆರ್ರಾ ಜಿಲ್ಲೇಲಿ ಮನೆ ಇರೋ ಒಬ್ಬರಿಗೂ ಮೊಂತೆಸ್ಕೂರೊದಲ್ಲಿ ನಡೆಯೋ ಮ್ಯಾಚಿನ ಟಿಕೆಟ್ ಕೊಡಬಾರದಂತೆ.”

ಕುರ್ಚಿಯಲ್ಲಿ ಕೂತಿದ್ದ ತೆಕ್ಲಾಳ ಮುಂಗೂದಲು ಅರ್ಧ ಕತ್ತರಿಸಿಯಾಗಿತ್ತು. ಇನ್ನರ್ಧ ಕಣ್ಣಿನ ಮೇಲೆ ಜೋತುಬಿದ್ದಿತ್ತು. ಅದರ ಸಂದಿಯಿಂದಲೇ ಅವಳು ಕನ್ನಡಿಯೊಳಗೆ ಅಪ್ಪನ ಮುಖ ಹುಡುಕಿದಳು.

“ಮಕ್ಕಳಿಗೂ ಇಲ್ವಾ?” ಎಂದು ಅಪ್ಪ ಕೇಳಿದ.

“ತೊಟ್ಟಿಲ ಕೂಸಿಗೂ ಇಲ್ಲ ದಾರಿಯೊ. ಹೋದ ವರ್ಷ ಹೈವೇಲಿ ನಮ್ಮೂರಿನ ನಾಲ್ಕು ಪುಂಡರು ಅವರ ಬಸ್ಸಿಗೆ ಕಲ್ಲು ಹೊಡೆದ್ರಲ್ಲ, ಅದಕ್ಕೆ ಈಗ ಊರಿಗೆಲ್ಲ ಶಿಕ್ಷೆ.”

“ಉಪ್ಪು ತಿಂದೋರು ಅವರು, ನೀರು ಕುಡಿಯೋರು ನಾವಾ?”

“ನನ್ನ ಮೇಲೆ ಯಾಕೆ ರೇಗ್ತೀಯ? ಆರ್ಡರ್ ಬರೆದ ಸಾಹೇಬರ ಮೇಲೆ ರೇಗು. ಅಲ್ಲಾಡಬೇಡ ಮರೀ, ಕಿವಿ ಹೋದೀತು.”

ತೆಕ್ಲಾ ಅಲ್ಲಾಡಲಿಲ್ಲ. ಕಣ್ಣೀರು ಮಾತ್ರ ತಾನಾಗಿ ಇಳಿಯಿತು. ಕತ್ತರಿಸಿದ ಕೂದಲ ಚೂರುಗಳು ಕೆನ್ನೆಗೆ ಅಂಟಿಕೊಂಡವು. ಮನ್ಲಿಯೊ ಬ್ರಷ್ಷಿನಿಂದ ಅವನ್ನು ಮೆಲ್ಲಗೆ ಸವರಿ ತೆಗೆದ.

ಪರವೂರ ಮ್ಯಾಚಿಗೆ ಅವಳು ಹೋಗಬೇಕಿದ್ದದ್ದು ಇದೇ ಮೊದಲ ಸಲ. ಹತ್ತು ತುಂಬಿದ ಮೇಲೆ ಕರೆದುಕೊಂಡು ಹೋಗುತ್ತೇನೆಂದು ಅಪ್ಪ ಮಾತು ಕೊಟ್ಟಿದ್ದ. ಅದಕ್ಕಿಂತ ದೊಡ್ಡ ಮಾತೊಂದಿತ್ತು. ಅಜ್ಜನ ಸ್ಕಾರ್ಫನ್ನು ಅಲ್ಲಿ ಅವಳೇ ಕಟ್ಟಬೇಕಿತ್ತು.

ಆ ಸ್ಕಾರ್ಫು ಹಸಿರು-ಕಪ್ಪು ಪಟ್ಟೆಗಳದ್ದು. ತಂಡ ಯಾವ ಊರಿಗೆ ಆಡಲು ಹೋದರೂ ಅಜ್ಜ ಹಿಂದೆಯೇ ಹೋಗುತ್ತಿದ್ದ. ಸ್ಟ್ಯಾಂಡಿನ ಕೆಳಗಿನ ಕಂಬಿಗೆ ಅದನ್ನು ಕಟ್ಟಿದ ಮೇಲೇ ಕೂರುತ್ತಿದ್ದ. ಅಜ್ಜ ತೀರಿಕೊಂಡ ಮೇಲೆ ಅಪ್ಪ ಕಟ್ಟುತ್ತಿದ್ದ. ತಂಡ ಎಷ್ಟೋ ಸಲ ಸೋತಿತ್ತು, ಒಮ್ಮೆ ಕೆಳಗಿನ ಲೀಗಿಗೂ ಬಿದ್ದಿತ್ತು. ಆದರೆ ಸ್ಕಾರ್ಫು ಒಂದು ಮ್ಯಾಚನ್ನೂ ತಪ್ಪಿಸಿರಲಿಲ್ಲ. ಈ ಭಾನುವಾರ ತಪ್ಪಿಸಲಿತ್ತು.

ರಾತ್ರಿ ಊಟಕ್ಕೆ ಕೂತಾಗಲೂ ಅಪ್ಪನ ಗೊಣಗಾಟ ನಿಂತಿರಲಿಲ್ಲ. “ಬೇರೆ ಜಿಲ್ಲೆ ಗುರುತಿನ ಕಾರ್ಡ್ ಇದ್ರೆ ಟಿಕೆಟ್ ಕೊಡ್ತಾರಂತೆ! ಬೇರೆ ಜಿಲ್ಲೇಲಿ ನಮ್ಮ ಟೀಮಿಗೆ ಯಾರಿದ್ದಾರೆ, ನಾಯಿ ನರಿ?”

ಅಮ್ಮ ನಕ್ಕು ಸೂಪು ಬಡಿಸಿದಳು. ಅವಳು ದ್ವೀಪಕ್ಕೆ ಹೋಗುವ ಹಡಗಿನ ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತಿದ್ದಳು. ಭಾನುವಾರ ಅವಳಿಗೆ ಹಡಗು, ಅಪ್ಪನಿಗೆ ಫುಟ್‌ಬಾಲ್. ಅದು ಮೊದಲಿನಿಂದಲೂ ಹಾಗೇ.

ತೆಕ್ಲಾ ಚಮಚ ಕೆಳಗಿಟ್ಟಳು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ನಿವೆಸಜ್ಜಿ ಕಾಲುಚೀಲ ಹೆಣೆಯುತ್ತಿದ್ದಳು. ಚಳಿಗಾಲಕ್ಕೆ ಇಲ್ಲಿ, ಬೇಸಿಗೆಗೆ ತವರಿನ ಬೆಟ್ಟದಲ್ಲಿ. ಅಜ್ಜ ಹೋದ ಮೇಲೆ ಅಜ್ಜಿಯ ವಿಳಾಸವೂ ಬೆಟ್ಟ ಹತ್ತಿತ್ತು.

“ಅಜ್ಜೀ, ನಿನ್ನ ಕಾರ್ಡಲ್ಲಿ ಯಾವ ಊರಿದೆ?”

“ವಾಲ್ಮೋರಾ,” ಎಂದಳು ಅಜ್ಜಿ, ತಲೆ ಎತ್ತದೆ.

“ಅದು ಯಾವ ಜಿಲ್ಲೆ?”

ಅಜ್ಜಿಯ ಸೂಜಿಗಳ ಟಿಕ್ ಟಿಕ್ ಸದ್ದು ನಿಂತಿತು.

ಆಮೇಲೆ ಅಪ್ಪ ಹೋ ಎಂದು ನಕ್ಕ. “ನಮ್ಮಮ್ಮನಾ? ಮ್ಯಾಚಿಗಾ? ಆಫ್‌ಸೈಡ್ ಅಂದ್ರೆ ಏನು ಅಂತ ಗೊತ್ತಿಲ್ಲ ಅವಳಿಗೆ!”

“ನಿಮ್ಮಪ್ಪಂಗೂ ಗೊತ್ತಿರಲಿಲ್ಲ,” ಎಂದಳು ಅಜ್ಜಿ. “ಪಕ್ಕದೋರು ಕೂಗಿದಾಗ ಇವರೂ ಕೂಗೋರು. ಅಷ್ಟೆ.”

“ಹೋಗ್ತೀಯಾ ಅಜ್ಜಿ?”

“ನಾನು ಯಾಕೆ ಹೋಗಲಿ? ಆ ಚೆಂಡು ನನ್ನ ಎಷ್ಟು ಭಾನುವಾರ ನುಂಗಿದೆ ಗೊತ್ತಾ ನಿಂಗೆ?”

ತೆಕ್ಲಾ ಹಟ ಮಾಡಲಿಲ್ಲ. ಎದ್ದು ಹೋಗಿ ಬಾಗಿಲ ಹಿಂದಿನ ಮೊಳೆಯಿಂದ ಸ್ಕಾರ್ಫು ತಂದಳು. ಅಜ್ಜಿಯ ಕಾಲ ಬಳಿ ಕೂತು ಅದನ್ನು ಮಡಿಲಲ್ಲಿ ಇಟ್ಟುಕೊಂಡಳು. ಎಷ್ಟೋ ಹೊತ್ತು ಹಾಗೇ ಕೂತಿದ್ದಳು. ಅಜ್ಜಿ ಹೆಣೆದಳು, ತಪ್ಪಿದಳು, ಬಿಚ್ಚಿ ಮತ್ತೆ ಹೆಣೆದಳು.

“ರೈಲು ಎಷ್ಟು ಗಂಟೆಗೆ?” ಎಂದಳು ಕೊನೆಗೆ.

ಭಾನುವಾರ ಬೆಳಿಗ್ಗೆ ಸ್ಟೇಷನ್ನಿನಲ್ಲಿ ಅಜ್ಜಿಯನ್ನು ಕಳಿಸಲು ಅರ್ಧ ಬೀದಿಯೇ ಬಂದಿತ್ತು. “ಸಿನ್ಯೋರಾ ನಿವೆಸ್, ನಮ್ಮೆಲ್ಲರ ಪಾಲಿನ ಕೂಗು ನೀವೇ ಕೂಗಬೇಕು,” ಎಂದ ಮನ್ಲಿಯೊ.

“ನಿನ್ನ ಪಾಲಿಂದು ಕೂಗಿದ್ರೆ ನನ್ನನ್ನ ಒಳಗೆ ಹಾಕ್ತಾರೆ. ನಿನ್ನ ಬಾಯಿ ನಂಗೆ ಗೊತ್ತಿಲ್ವಾ?” ಎಂದಳು ಅಜ್ಜಿ. ಎಲ್ಲರೂ ನಕ್ಕರು.

ಅಜ್ಜಿಯ ಚೀಲದಲ್ಲಿ ಈರುಳ್ಳಿ ಆಮ್ಲೆಟ್ ಇಟ್ಟ ಬ್ರೆಡ್ಡುಗಳು, ಒಂದು ಫ್ಲಾಸ್ಕು, ಅರ್ಧ ಹೆಣೆದ ಕಾಲುಚೀಲ ಇದ್ದವು. ಸ್ಕಾರ್ಫು ಕೊರಳಲ್ಲಿತ್ತು.

“ಕೆಳಗಿನ ಕಂಬಿಗೇ ಕಟ್ಟಬೇಕು,” ಎಂದಳು ತೆಕ್ಲಾ. “ಎರಡು ಗಂಟು ಹಾಕು. ಗಾಳಿಗೆ ಬಿಚ್ಚಿಕೊಂಡ್ರೆ...”

“ಗಂಟು ಹಾಕೋದನ್ನ ನೀನು ನಂಗೆ ಹೇಳ್ಕೊಡಬೇಡ ಕಣೆ. ಅದನ್ನ ಹೆಣೆದವಳು ನಾನು.”

ರೈಲು ಹೊರಟಿತು. ತೆಕ್ಲಾ ಅಲ್ಲೇ ನಿಂತಿದ್ದಳು. ಸ್ಕಾರ್ಫನ್ನು ಯಾರೋ ಹೆಣೆದಿರಬೇಕು ಎಂದು ಅವಳು ಇದುವರೆಗೆ ಯೋಚಿಸಿರಲೇ ಇಲ್ಲ. ಅದು ಅಜ್ಜನ ಜೊತೆಯಲ್ಲೇ ಹುಟ್ಟಿತ್ತು ಎಂಬಂತೆ ಅಂದುಕೊಂಡಿದ್ದಳು.

ಮಧ್ಯಾಹ್ನ ಎಲ್ಲರೂ ಮನ್ಲಿಯೊನ ಅಂಗಡಿಯ ಟಿವಿ ಮುಂದೆ ಸೇರಿದರು. ಶಟರು ಅರ್ಧ ಎಳೆದಿತ್ತು. ಕ್ಷೌರದ ಕುರ್ಚಿ ತೆಕ್ಲಾಳಿಗೆ ಸಿಕ್ಕಿತು. ಆದರೆ ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತಿತ್ತು, ಹೊರಗಿನವರ ಸ್ಟ್ಯಾಂಡಿನ ಕಡೆ ತಿರುಗಲೇ ಇಲ್ಲ. ಮೊಂತೆಸ್ಕೂರೊದವರು ಒಂದು ಗೋಲು ಹೊಡೆದರು. ತೆಕ್ಲಾಳಿಗೆ ಅದು ಅಷ್ಟಾಗಿ ತಟ್ಟಲಿಲ್ಲ. ಅವಳು ಪರದೆಯ ಅಂಚುಗಳನ್ನೇ ನೋಡುತ್ತಿದ್ದಳು.

ಎರಡನೇ ಹಾಫಿನಲ್ಲಿ ನಮ್ಮವರಿಗೆ ಕಾರ್ನರ್ ಸಿಕ್ಕಿತು. ಚೆಂಡು ಇಡಲು ಆಟಗಾರ ಮೂಲೆಗೆ ನಡೆದ. ಅವನ ಬೆನ್ನ ಹಿಂದೆ ಬೋಳು ಸಿಮೆಂಟಿನ ಮೆಟ್ಟಿಲುಗಳು ಕಂಡವು. ಅಲ್ಲೊಬ್ಬರು ಇಲ್ಲೊಬ್ಬರು ಜನ. ಕೆಳಗಿನ ಕಂಬಿಯಲ್ಲಿ ಹಸಿರು-ಕಪ್ಪು ಪಟ್ಟೆ.

“ಅಗೋ!” ತೆಕ್ಲಾ ಕುರ್ಚಿಯ ಮೇಲೆ ಎದ್ದು ನಿಂತಳು. “ಅಜ್ಜಿ! ಅಜ್ಜಿ ಬ್ರೆಡ್ ಹಂಚ್ತಿದ್ದಾಳೆ!”

ಅಂಗಡಿ ಕಿತ್ತುಹೋಗುವ ಹಾಗೆ ಎಲ್ಲರೂ ಕೂಗಿದರು. ಮನ್ಲಿಯೊ ಸೋಪಿನ ಡಬ್ಬಿ ಬೀಳಿಸಿದ. ಆ ಗಲಾಟೆಯಲ್ಲಿ ಕಾರ್ನರಿನಿಂದ ಬಂದ ಚೆಂಡು ತಲೆಗೆ ತಾಗಿ ಗೋಲಾದದ್ದನ್ನು ಯಾರೂ ಸರಿಯಾಗಿ ನೋಡಲಿಲ್ಲ. ರಿಪ್ಲೇ ಬಂದ ಮೇಲೆ ಇನ್ನೊಮ್ಮೆ ಕೂಗಬೇಕಾಯಿತು.

ಮ್ಯಾಚು ತಲಾ ಒಂದು ಗೋಲಿನಲ್ಲಿ ಮುಗಿಯಿತು. ಸಂಜೆಯಾಯಿತು. ಅಜ್ಜಿಯ ರೈಲು ತಡವೆಂದು ಅಪ್ಪನ ಮೊಬೈಲಿನಲ್ಲಿ ತೋರಿಸಿತು, ಎಷ್ಟು ತಡವೆಂದು ತೋರಿಸಲಿಲ್ಲ. ಅಜ್ಜಿಯ ಫೋನು ಸ್ವಿಚ್ ಆಫ್. “ಬ್ಯಾಟರಿ ಉಳಿಸ್ತಿರಬೇಕು, ಮುಂದಿನ ಜನ್ಮಕ್ಕೆ,” ಎಂದ ಅಪ್ಪ. ನಗು ಮಾತ್ರ ಪೂರ್ತಿ ಬರಲಿಲ್ಲ.

ತೆಕ್ಲಾ ಒಂದು ಕಿಟಕಿಯಿಂದ ನೋಡಿದಳು, ಬಂದರು ಕಂಡಿತು. ಇನ್ನೊಂದರಿಂದ ನೋಡಿದಳು, ಎದುರು ಮನೆಯ ಒಣಗುವ ಬಟ್ಟೆಗಳು ಕಂಡವು. ಕೊನೆಗೆ ಅಜ್ಜಿಯ ಕುರ್ಚಿಯಲ್ಲಿ ಹೋಗಿ ಕೂತಳು. ಅಲ್ಲಿಂದ, ಸ್ವಲ್ಪ ಮುಂದೆ ಬಾಗಿದರೆ, ಸ್ಟೇಷನ್ ರಸ್ತೆಯ ತಿರುವು ಕಾಣುತ್ತಿತ್ತು. ಬೇಕರಿಯ ದೀಪದ ಕೆಳಗಿನ ಆ ತುಣುಕು ರಸ್ತೆ ಈ ಕುರ್ಚಿಯಿಂದ ಮಾತ್ರ ಕಾಣುತ್ತಿತ್ತು.

ಅಡುಗೆಮನೆಯಿಂದ ಅಪ್ಪ ಕೇಳಿದ, “ನೀರು ಕುದೀತಿದೆ. ಪಾಸ್ತಾ ಹಾಕಲಾ?”

“ಬೇಡ ಅಪ್ಪ. ಈಗಲೇ ಹಾಕಿದ್ರೆ ಅವಳು ಬರೋ ಹೊತ್ತಿಗೆ ಅಂಟಾಗಿರುತ್ತೆ.”

“ಹೌದೌದು. ನಾನು ಸಣ್ಣೋನಿದ್ದಾಗ ಭಾನುವಾರ ಒಲೆ ಮುಂದೆ ನಂದೇ ಡ್ಯೂಟಿ. ಕೈಲಿ ಪಾಸ್ತಾ ಹಿಡ್ಕೊಂಡು ನಿಂತಿರ್ತಿದ್ದೆ. ಅಮ್ಮ ಆ ಕಿಟಕಿಯಿಂದ ಕೂಗೋಳು, ‘ಅಪ್ಪ ಬಂದ್ರು, ಹಾಕು!’ ಅಂತ. ಒಂದೊಂದು ಸಲ ನೀರು ಬತ್ತಿ, ಮತ್ತೆ ತುಂಬಿ, ಮತ್ತೆ ಬತ್ತೋದು.”

ಕಿಟಕಿಯ ಕಟ್ಟೆಯ ಮೇಲೆ ತೆಕ್ಲಾಳ ಮೊಣಕೈ ಊರಿದ್ದ ಕಡೆ ಬಣ್ಣ ಸವೆದು ಮರ ನುಣುಪಾಗಿತ್ತು. ಅವಳು ಕೈ ತೆಗೆದು ಆ ಜಾಗವನ್ನು ನೋಡಿದಳು. ಹೆಣೆಯಲು ಬೆಳಕು ಚೆನ್ನಾಗಿದೆ ಎಂದೇ ಅಜ್ಜಿ ಇಲ್ಲಿ ಕೂರುತ್ತಾಳೆ ಎಂದುಕೊಂಡಿದ್ದಳು. ಆದರೆ ಇಲ್ಲಿ ಬೆಳಕು ಅಷ್ಟೇನೂ ಇರಲಿಲ್ಲ. ಮನೆಯಲ್ಲಿ ಎಲ್ಲಕ್ಕಿಂತ ಕಡಿಮೆ ಬೆಳಕಿನ ಕಿಟಕಿ ಇದೇ.

ಅವಳು ಮತ್ತೆ ಮೊಣಕೈಯನ್ನು ಅದೇ ಜಾಗದಲ್ಲಿಟ್ಟಳು. ಅದು ಸರಿಯಾಗಿ ಕೂತಿತು.

ಬೇಕರಿಯ ದೀಪದ ಕೆಳಗೆ ಒಬ್ಬ ಗಂಡಸು ದಾಟಿದ. ಒಂದು ನಾಯಿ ದಾಟಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಅಪ್ಪ ಪಾತ್ರೆಗೆ ಮತ್ತೆ ನೀರು ಸುರಿದ ಸದ್ದು ಕೇಳಿಸಿತು.

ಕೊನೆಗೆ ಒಂದು ಕುಳ್ಳಗಿನ ಆಕೃತಿ ತಿರುವಿನಲ್ಲಿ ನಿಂತು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿತು. ಕೊರಳಲ್ಲಿ ಪಟ್ಟೆ.

“ಬಂದ್ಲು!” ತೆಕ್ಲಾಳ ದನಿ ಬೀದಿಗೆಲ್ಲ ಕೇಳಿಸಿರಬೇಕು. “ಅಪ್ಪಾ, ಪಾಸ್ತಾ ಹಾಕು!”

ಊಟದ ಹೊತ್ತಿಗೆ ಅಜ್ಜಿಯ ಮಾತು ನಿಲ್ಲಲೇ ಇಲ್ಲ. “ಗೇಟಲ್ಲಿ ಒಬ್ಬ ಪೊಲೀಸ್ ಹುಡುಗ ನನ್ನ ಹೆಣೆಯೋ ಸೂಜಿ ಕಿತ್ಕೊಂಡ. ಒಳಗೆ ತಗೊಂಡು ಹೋಗಂಗಿಲ್ವಂತೆ, ಆಯುಧವಂತೆ! ಸರಿ, ಹಿಡ್ಕೋ, ಆದ್ರೆ ಹೆಣಿಗೆಯ ಒಂದು ಕುಣಿಕೆ ಜಾರಿದ್ರೂ ನಿನ್ನ ಬಿಡಲ್ಲ ಅಂದೆ. ಪಾಪ, ಮ್ಯಾಚ್ ಮುಗಿಯೋವರೆಗೂ ಅರ್ಧ ಕಾಲುಚೀಲ ಹಿಡ್ಕೊಂಡು ಕಂಬದ ಹಾಗೆ ನಿಂತಿದ್ದ. ಬರುವಾಗ ಅವನಿಗೂ ಒಂದು ಬ್ರೆಡ್ ಕೊಟ್ಟೆ.”

ಅಪ್ಪ ಕೆಮ್ಮುವಷ್ಟು ನಕ್ಕ. “ನಮ್ಮ ಗೋಲು ಹೇಗಿತ್ತು ಹೇಳಮ್ಮ.”

“ನೋಡ್ಲಿಲ್ಲ. ಟೀ ಬಗ್ಗಿಸ್ತಿದ್ದೆ. ಆಮೇಲೆ ಪಕ್ಕದೋರು ಕೂಗಿದ್ರು, ನಾನೂ ಕೂಗಿದೆ.” ಅಜ್ಜಿ ತಟ್ಟೆಯ ಅಂಚಿನ ಪಾಸ್ತಾವನ್ನು ನಡುವಿಗೆ ಸರಿಸಿದಳು. “ಚೆನ್ನಾಗಿತ್ತು ಕಣೋ, ಕೂಗೋದು.”

ಊಟವಾದ ಮೇಲೆ ಅಪ್ಪ ಮೊಬೈಲು ನೋಡಿ ಮೇಜು ಬಡಿದ. “ಮುಂದಿನ ಪರವೂರ ಮ್ಯಾಚಿಗೆ ಪೊಲೀಸರ ತಕರಾರಿಲ್ಲ! ತೆಕ್ಲಾ, ನಿಂಗೂ ನಂಗೂ ಟಿಕೆಟ್ ತಗೊಳ್ತೀನಿ.”

“ಮೂರು ತಗೋ,” ಎಂದಳು ತೆಕ್ಲಾ.

“ಅಯ್ಯೋ, ಸಾಕಪ್ಪ,” ಎಂದಳು ಅಜ್ಜಿ. “ನಾನೂ ಬಂದ್ರೆ ಇಲ್ಲಿ ಪಾಸ್ತಾ ಹಾಕು ಅಂತ ಯಾರು ಕೂಗೋದು?”

“ಯಾರೂ ಕೂಗೋದು ಬೇಡ ಅಜ್ಜಿ. ಬಂದ ಮೇಲೆ ಎಲ್ಲರೂ ಸೇರಿ ಹಾಕೋಣ.”

ಅಜ್ಜಿ ಅವಳನ್ನು ನೋಡಿದಳು. ಆಮೇಲೆ ಕಿಟಕಿಯ ಹತ್ತಿರ ಹೋದಳು. ತೆಕ್ಲಾ ಕೂತು ಕುರ್ಚಿಯ ದಿಂಬು ತಗ್ಗಾಗಿದ್ದದ್ದನ್ನು ಕೈಯಿಂದ ಮುಟ್ಟಿದಳು.

ಅಜ್ಜಿ ಕುರ್ಚಿಯನ್ನು ದೀಪದ ಕಡೆಗೆ ಎಳೆದುಕೊಂಡಳು. ಕಿಟಕಿಗೆ ಬೆನ್ನು ಹಾಕಿ ಕೂತು, ಪೊಲೀಸ್ ಹುಡುಗ ಒಂದು ಕುಣಿಕೆಯನ್ನೂ ಜಾರಿಸದೆ ಹಿಡಿದಿದ್ದ ಕಾಲುಚೀಲವನ್ನು ಕೈಗೆತ್ತಿಕೊಂಡಳು.